ಮಣೆಯ ಬದಿಗೆ ಬಿದ್ದವರು: ‘ಹಿಟ್‌ಮ್ಯಾನ್ ಗೋ’ ಮತ್ತು ಅದರ ವಿಮರ್ಶೆ

ಕಳೆದ ಆಟಿಯಲ್ಲಿ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ನಾನೂ ನನ್ನ ತಂಗಿಯೂ ಕಂಕನಾಡಿಯ ಬಾಡಿಗೆ ಮನೆಯಲ್ಲಿ ಒಂದೇ ಫೋನಿನ ಮೇಲೆ ಬಗ್ಗಿ ಕೂತಿದ್ದೆವು. ಆಡುತ್ತಿದ್ದ ಆಟ ‘ಹಿಟ್‌ಮ್ಯಾನ್ ಗೋ’. ಒಂದು ಹಂತ ಅವಳದ್ದು, ಇನ್ನೊಂದು ನನ್ನದು. ಊರಿನಿಂದ ಬಂದಿದ್ದ ಅಜ್ಜಿ ಹಿಂದಿನಿಂದ ಇಣುಕಿ, “ಇದೆಂತದು, ಮಣೆ ಆಟದ ಹಾಗೆ ಉಂಟಲ್ಲ?” ಎಂದು ಕೇಳಿದರು. ಹೌದು ಎಂದೆವು. ಕೂಡಲೇ ಅವರ ದನಿ ಬದಲಾಯಿತು. “ಹಾಗಾದರೆ ಅಕ್ಕತಂಗಿ ಒಟ್ಟಿಗೆ ಆಡುವುದು ಬೇಡ ಮಕ್ಕಳೇ.”

ನಾವು ನಕ್ಕೆವು. ತಂಗಿ ಹಠಕ್ಕೆ ಇನ್ನೊಂದು ಹಂತ ಆಡಿದಳು. ನನಗೆ ಮಾತ್ರ ಆ ಮಾತು ತಲೆಯಿಂದ ಹೋಗಲಿಲ್ಲ. ಈ ಆಟದ ಬಗ್ಗೆ ಬಂದ ವಿಮರ್ಶೆಗಳನ್ನು ನಾನು ಹುಡುಕಿ ಹುಡುಕಿ ಓದಿದ್ದೆ. ಅಷ್ಟರಲ್ಲಿ ಎಲ್ಲಿಯೂ ಕೇಳದ ಒಂದು ಪ್ರಶ್ನೆಯನ್ನು ಅಜ್ಜಿ ಒಂದೇ ನೋಟಕ್ಕೆ ಎತ್ತಿದ್ದರು: ಇದನ್ನು ಯಾರು ಯಾರ ಜೊತೆ ಆಡಬಹುದು?

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ‘ಹಿಟ್‌ಮ್ಯಾನ್’ ಎಂಬ ವಿಡಿಯೋ ಗೇಮ್ ಸರಣಿ 2000ದಲ್ಲಿ ಶುರುವಾದದ್ದು. ಡೆನ್ಮಾರ್ಕಿನ ಐಓ ಇಂಟರ್‌ಆ್ಯಕ್ಟಿವ್ ಸಂಸ್ಥೆ ರೂಪಿಸಿದ ಈ ಸರಣಿಯ ನಾಯಕ ‘ಏಜೆಂಟ್ 47’ ಎಂಬ ಬೋಳುತಲೆಯ ಸುಪಾರಿ ಹಂತಕ. ಕಾವಲುಗಾರರ ಕಣ್ತಪ್ಪಿಸಿ, ವೇಷ ಬದಲಿಸಿ, ಗುರಿಯನ್ನು ಮುಗಿಸಿ ಹೊರಬೀಳುವುದು ಆಟ. 2012ರಲ್ಲಿ ಬಂದ ‘ಹಿಟ್‌ಮ್ಯಾನ್: ಅಬ್ಸೊಲ್ಯೂಷನ್’ ಹೊತ್ತಿಗೆ ಸರಣಿಯ ಸುತ್ತ ಸಾಕಷ್ಟು ಗದ್ದಲ ಎದ್ದಿತ್ತು. ಅದರ ಒಂದು ಟ್ರೈಲರಿನಲ್ಲಿ ಸನ್ಯಾಸಿನಿಯರ ವೇಷದ ಹೆಂಗಸರನ್ನು ನಾಯಕ ಒಬ್ಬೊಬ್ಬರಾಗಿ ಕೊಲ್ಲುವುದನ್ನು ನಿಧಾನಗತಿಯಲ್ಲಿ ತೋರಿಸಿದ್ದರು. ಅದು ಹೆಣ್ಣುದ್ವೇಷ ಎಂದು ಆಟಗಳ ಬಗ್ಗೆ ಬರೆಯುವವರೇ ತರಾಟೆಗೆ ತೆಗೆದುಕೊಂಡರು.

ಎರಡು ವರ್ಷಗಳ ನಂತರ, 2014ರ ಏಪ್ರಿಲಿನಲ್ಲಿ, ಕೆನಡಾದ ಸ್ಕ್ವೇರ್ ಎನಿಕ್ಸ್ ಮಾಂಟ್ರಿಯಲ್ ಸ್ಟುಡಿಯೋ ‘ಹಿಟ್‌ಮ್ಯಾನ್ ಗೋ’ವನ್ನು ಮೊಬೈಲಿಗೆ ತಂದಿತು. ಇಲ್ಲಿ ರಕ್ತವಿಲ್ಲ, ಕಿರುಚಾಟವಿಲ್ಲ, ಸಂಭಾಷಣೆಯಿಲ್ಲ, ಕಥೆಯೂ ಇಲ್ಲವೆನ್ನಬೇಕು. ಪರದೆಯ ಮೇಲೆ ಒಂದು ಪುಟ್ಟ ಮಾದರಿ: ಬಂಗಲೆಯ ಅಂಗಳವೋ ತೋಟವೋ. ಅದರ ಮೇಲೆ ಗೆರೆಗಳು, ಗೆರೆ ಕೂಡುವಲ್ಲಿ ಚುಕ್ಕಿಗಳು. ನಾಯಕನೂ ಕಾವಲುಗಾರರೂ ಅಡಿಗೆ ಪೀಠವಿರುವ ಗೊಂಬೆಗಳು. ನೀವು ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಸರಿದರೆ ಅವರೂ ತಮ್ಮ ಸ್ವಭಾವದಂತೆ ನಡೆಯುತ್ತಾರೆ. ಒಬ್ಬ ನಿಂತಲ್ಲೇ ನಿಲ್ಲುತ್ತಾನೆ, ಒಬ್ಬ ಅತ್ತಿಂದಿತ್ತ ಗಸ್ತು ಹೊಡೆಯುತ್ತಾನೆ, ಇನ್ನೊಬ್ಬ ಪ್ರತಿ ನಡೆಗೂ ಹಿಂದಕ್ಕೆ ತಿರುಗುತ್ತಾನೆ. ನೀವು ಕದಲದ ಹೊರತು ಅವರೂ ಕದಲುವುದಿಲ್ಲ. ಅವರ ಎದುರಿನ ಚುಕ್ಕಿಗೆ ಹೋದರೆ ನೀವು ಸೋತಿರಿ. ಬದಿಯಿಂದಲೋ ಹಿಂದಿನಿಂದಲೋ ಅವರ ಚುಕ್ಕಿಗೆ ಬಂದರೆ ಅವರು ಉರುಳುತ್ತಾರೆ. ಉರುಳಿದ ಗೊಂಬೆ ಮಣೆಯ ಬದಿಗೆ ಹೋಗಿ ಬೀಳುತ್ತದೆ, ಚದುರಂಗದಲ್ಲಿ ಹೊಡೆದ ಕಾಯಿಯನ್ನು ಪಕ್ಕಕ್ಕೆ ಇಟ್ಟ ಹಾಗೆ.

ವಿಮರ್ಶಕರಿಗೆ ಇದು ಅನಿರೀಕ್ಷಿತವಾಗಿತ್ತು. ದೊಡ್ಡ ಸರಣಿಯ ಹೆಸರು ಹಾಕಿಕೊಂಡು ಬರುವ ಮೊಬೈಲ್ ಆಟ ಎಂದರೆ ಮೂಲದ ಬಡಕಲು ನಕಲು ಎಂಬುದು ಆಗಿನ ಅನುಭವ. ಅದಕ್ಕೆ ಬದಲಾಗಿ ಮೂಲವನ್ನು ಕುದಿಸಿ ಸಾರ ಮಾತ್ರ ಉಳಿಸಿದ್ದಾರೆ ಎಂಬುದು ಹೆಚ್ಚಿನವರ ಮೆಚ್ಚುಗೆಯ ತಿರುಳು. ಕಾಯುವುದು, ಲೆಕ್ಕ ಹಾಕುವುದು, ಬೆನ್ನ ಹಿಂದೆ ಬರುವುದು ಇವಿಷ್ಟೇ ‘ಹಿಟ್‌ಮ್ಯಾನ್’ನ ಜೀವಾಳ, ಉಳಿದದ್ದು ಅಲಂಕಾರ ಎಂದು ಅವರು ವಾದಿಸಿದರು. ಆಕ್ಷೇಪಗಳೂ ಇದ್ದವು. ಸುಳಿವುಗಳನ್ನು ದುಡ್ಡಿಗೆ ಮಾರುವುದು ಹಲವರಿಗೆ ಹಿಡಿಸಲಿಲ್ಲ. ಮೂಲದಲ್ಲಿ ಆಟಗಾರ ತನ್ನದೇ ದಾರಿ ಕಂಡುಕೊಳ್ಳಬಹುದಿತ್ತು, ಇಲ್ಲಿ ವಿನ್ಯಾಸಕಾರ ಬಚ್ಚಿಟ್ಟ ದಾರಿಯನ್ನು ಹುಡುಕುವುದಷ್ಟೇ ಕೆಲಸ ಎಂದು ಕೆಲವರು ಗೊಣಗಿದರು. ಒಟ್ಟಿನಲ್ಲಿ ಆಟ ಗೆದ್ದಿತು. ಅದೇ ಜಾಡಿನಲ್ಲಿ 2015ರಲ್ಲಿ ‘ಲಾರಾ ಕ್ರಾಫ್ಟ್ ಗೋ’, 2016ರಲ್ಲಿ ‘ಡ್ಯೂಸ್ ಎಕ್ಸ್ ಗೋ’ ಬಂದವು.

ಹೊಗಳಿದವರೂ ಗೊಣಗಿದವರೂ ಒಂದು ನಂಬಿಕೆಯನ್ನು ಹಂಚಿಕೊಂಡಿದ್ದಾರೆ ಎಂದು ನನಗನ್ನಿಸುತ್ತದೆ. ಆಟಕ್ಕೆ ಒಳಗೊಂದು ತಿರುಳು, ಹೊರಗೊಂದು ಸಿಪ್ಪೆ ಇದೆ, ನಿಯಮ ತಿರುಳು, ಕೊಲೆ ಸಿಪ್ಪೆ ಎಂಬುದು ಆ ನಂಬಿಕೆ. ಸಿಪ್ಪೆ ಸುಲಿದದ್ದು ಒಬ್ಬರಿಗೆ ಶುದ್ಧಿ, ಇನ್ನೊಬ್ಬರಿಗೆ ನಷ್ಟ. ಸಿಪ್ಪೆ ಸುಲಿದ ಮೇಲೆ ಕೊಲೆ ಎಲ್ಲಿಗೆ ಹೋಯಿತು ಎಂದು ಎರಡೂ ಕಡೆಯವರು ಕೇಳುವುದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಜಗಳ ಹೊಸದಲ್ಲ. ವಸ್ತು ಮತ್ತು ಆಕೃತಿಯ ಬಗ್ಗೆ ನವ್ಯದ ಕಾಲದಿಂದ ನಮ್ಮಲ್ಲಿ ನಡೆದ ಚರ್ಚೆಯ ಇನ್ನೊಂದು ರೂಪವಿದು. ಆಟಗಳ ಅಧ್ಯಯನದಲ್ಲಿಯೂ ಇದು ಆರಂಭದಲ್ಲೇ ಹೊತ್ತಿಕೊಂಡಿತು. ಜ್ಯಾನೆಟ್ ಮರ್ರಿ 1997ರ ತಮ್ಮ ‘ಹ್ಯಾಮ್ಲೆಟ್ ಆನ್ ದ ಹೋಲೊಡೆಕ್’ ಪುಸ್ತಕದಲ್ಲಿ ‘ಟೆಟ್ರಿಸ್’ ಆಟವನ್ನು ಮುಗಿಯದ ಕೆಲಸಗಳ ಹೊರೆಯಲ್ಲಿ ಸಿಕ್ಕಿಬಿದ್ದ 1990ರ ದಶಕದ ಅಮೆರಿಕನ್ನರ ಬದುಕಿನ ಅಭಿನಯ ಎಂದು ಓದಿದರು. ಬೀಳುವ ಇಟ್ಟಿಗೆಗಳಿಗೆ ಅರ್ಥ ಹಚ್ಚುವ ಈ ಓದನ್ನು ಫಿನ್ಲೆಂಡಿನ ಮಾರ್ಕ್ಕು ಎಸ್ಕೆಲಿನೆನ್ ಕಟುವಾಗಿ ತಳ್ಳಿಹಾಕಿದರು. ಆಟವನ್ನು ಆಟವಾಗಿಯೇ ನೋಡಿ ಎಂಬುದು ಅವರ ಪಟ್ಟು. ವಿನ್ಯಾಸಕ ರಾಫ್ ಕೋಸ್ಟರ್ ‘ಎ ಥಿಯರಿ ಆಫ್ ಫನ್’ ಪುಸ್ತಕದಲ್ಲಿ ಇದೇ ಟೆಟ್ರಿಸನ್ನು ಹಿಡಿದು ಒಂದು ಕಲ್ಪನೆ ಮುಂದಿಡುತ್ತಾರೆ: ನಿಯಮ ಅದೇ ಇರಲಿ, ಆದರೆ ಇಟ್ಟಿಗೆಗಳ ಬದಲು ಸಾಮೂಹಿಕ ಹತ್ಯೆಗೆ ಬಲಿಯಾಗುವ ಮನುಷ್ಯರ ದೇಹಗಳನ್ನು ಜೋಡಿಸಬೇಕು. ಆಗ ಅದನ್ನು ಯಾರು ಆಡುತ್ತಾರೆ? ಹಾಗಾದರೆ ಸಿಪ್ಪೆಗೂ ಬೆಲೆ ಇದೆ.

‘ಹಿಟ್‌ಮ್ಯಾನ್ ಗೋ’ ಈ ಕಲ್ಪನೆಯನ್ನು ತಿರುಗಿಸಿ ಹಾಕಿದ ಹಾಗಿದೆ. ಮೊದಲೇ ಮನುಷ್ಯರಿದ್ದರು, ಅವರನ್ನು ಗೊಂಬೆ ಮಾಡಿದರು.

ಇಲ್ಲಿ ಅಜ್ಜಿಯ ಮಾತಿಗೆ ಮರಳುತ್ತೇನೆ. ತುಳುನಾಡಿನವರಿಗೆ ಚೆನ್ನೆಮಣೆ ಹೊಸದಾಗಿ ಹೇಳಬೇಕಾದ ವಸ್ತುವಲ್ಲ. ಒಂದು ಮರದ ಹಲಗೆ, ಎರಡು ಸಾಲು, ಸಾಲಿಗೆ 7ರಂತೆ 14 ಗುಳಿ. ಗುಳಿಗೆ 4 ಕಾಯಿ ಹಾಕಿದರೆ ಒಟ್ಟು 56. ಕಾಯಿಗಳನ್ನು ಹಂಚುತ್ತ ಹೋಗುವುದು, ಲೆಕ್ಕ ಕೂಡಿಬಂದಾಗ ಬಾಚಿಕೊಳ್ಳುವುದು. ಇದರಲ್ಲಿ ರಾಜನಿಲ್ಲ, ಸೈನಿಕನಿಲ್ಲ, ಶತ್ರುವಿನ ಗುರುತಿಲ್ಲ. ಮಿನಿಮಲಿಸಂ ಎಂದರೆ ಇದಕ್ಕಿಂತ ಮುಂದೆ ಹೋಗುವುದು ಕಷ್ಟ. ಹೊಲದ ಕೆಲಸ ನಿಂತು ಮನೆಯೊಳಗೇ ಇರಬೇಕಾದ ಆಟಿ ತಿಂಗಳಲ್ಲಿ ಇದನ್ನು ಆಡುವುದು ರೂಢಿ.

ಇಷ್ಟು ನಿರಪಾಯದ ಆಟದ ಪಕ್ಕದಲ್ಲಿ ತುಳುವರು ಒಂದು ಸಾವನ್ನು ತಂದು ಇಟ್ಟಿದ್ದಾರೆ. ಸಿರಿಯ ಕಥೆಯ ಕೊನೆಯ ಭಾಗದಲ್ಲಿ ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ, ದಾರಗ ಚೆನ್ನೆ ಆಡಲು ಕೂರುತ್ತಾರೆ. ಮಕ್ಕಳಿಗಾಗಿ ಹೊತ್ತ ಹರಕೆಯನ್ನು ಹೆತ್ತವರು ಮರೆತಿರುತ್ತಾರೆ. ಆಟದಲ್ಲಿ ಸೋಲು ಗೆಲುವು ಮಾತಿಗೆ ತಿರುಗುತ್ತದೆ, ಮಾತು ಜಗಳಕ್ಕೆ. ಒಬ್ಬಳು ಮಣೆಯನ್ನೇ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆಯುತ್ತಾಳೆ. ಸತ್ತವಳನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ. ಅಕ್ಕತಂಗಿಯರು ಒಟ್ಟಿಗೆ ಚೆನ್ನೆ ಆಡಬಾರದು ಎಂಬ ನಿಷೇಧ ನಮ್ಮ ಮನೆಗಳಲ್ಲಿ ಉಳಿದದ್ದು ಈ ಕಥೆಯ ನೆನಪಿನಲ್ಲಿ. ಮಾಚಾರು ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿದರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು.

ಪೀಟರ್ ಕ್ಲಾಸ್ ಎಂಬ ಮಾನವಶಾಸ್ತ್ರಜ್ಞರು ಚೆನ್ನೆಯ ಬಗ್ಗೆಯೇ ಒಂದು ದೀರ್ಘ ಲೇಖನ ಬರೆದಿದ್ದಾರೆ. ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಎ.ಕೆ. ರಾಮಾನುಜನ್ ಸಂಪಾದಿಸಿದ ‘ಅನದರ್ ಹಾರ್ಮನಿ’ ಎಂಬ 1986ರ ಸಂಕಲನದಲ್ಲಿ ಅದಿದೆ. ಅವರು ಮನೆಯಲ್ಲಿ ಆಡುವ ಚೆನ್ನೆಯನ್ನು, ಕಾವ್ಯದಲ್ಲಿ ಬರುವ ಚೆನ್ನೆಯನ್ನು, ಸಿರಿ ಆಚರಣೆಯ ಚೆನ್ನೆಯನ್ನು ಬೇರೆ ಬೇರೆ ಮಾಡದೆ ಒಂದರ ಬೆಳಕಿನಲ್ಲಿ ಇನ್ನೊಂದನ್ನು ನೋಡುತ್ತಾರೆ. ‘ಗೇಮ್ ಸ್ಟಡೀಸ್’ ಎಂಬ ಪತ್ರಿಕೆ ಹುಟ್ಟಿದ್ದು 2001ರಲ್ಲಿ. ಅದಕ್ಕೂ 15 ವರ್ಷ ಮೊದಲೇ ನಮ್ಮ ಜಗಲಿಯ ಆಟವೊಂದಕ್ಕೆ ಇಂಥ ವಿಮರ್ಶೆ ಸಿಕ್ಕಿತ್ತು. ಕನ್ನಡದಲ್ಲಿ ವಿಡಿಯೋ ಗೇಮಿನ ಬಗ್ಗೆ ಬರೆಯಲು ಹೊರಟರೆ ನಮ್ಮ ಬಳಿ ಪರಿಭಾಷೆಯೇ ಇಲ್ಲ ಎಂದು ಗೆಳೆಯರು ಹೇಳುವಾಗ ನನಗೆ ನೆನಪಾಗುವುದು ಈ ಲೇಖನ.

ಈ ಕಡೆಯಿಂದ ನೋಡಿದರೆ ‘ಹಿಟ್‌ಮ್ಯಾನ್ ಗೋ’ದಲ್ಲಿ ಏನು ಕಾಣುತ್ತದೆ? ಮೊದಲನೆಯದು ಮಣೆಯ ಬದಿ. ವಿಮರ್ಶಕರು ಗೊಂಬೆ ಉರುಳುವ ಸದ್ದನ್ನು, ಮರದ ಮೇಲ್ಮೈಯ ಹೊಳಪನ್ನು ಮೆಚ್ಚಿದರು. ಆದರೆ ಉರುಳಿದವರು ಮಾಯವಾಗುವುದಿಲ್ಲ ಎಂಬುದನ್ನು ಗಮನಿಸಿ. ಹಂತ ಮುಗಿಯುವವರೆಗೆ ಅವರು ಅಲ್ಲೇ ಬಿದ್ದಿರುತ್ತಾರೆ. ಮೂಲ ಸರಣಿಯಲ್ಲಿ ಹೆಣವನ್ನು ಎಳೆದು ಅಡಗಿಸುವುದೇ ಒಂದು ದೊಡ್ಡ ಕೆಲಸ. ಇಲ್ಲಿ ಅಡಗಿಸಬೇಕಾದ್ದಿಲ್ಲ, ಏಕೆಂದರೆ ಮಣೆಯ ಹೊರಗಿನದ್ದನ್ನು ಯಾವ ಕಾವಲುಗಾರನೂ ನೋಡಲಾರ. ನೋಡಬಲ್ಲವರು ನಾವು ಮಾತ್ರ. ಕೊಲೆಯನ್ನು ಆಟ ಅಳಿಸಿಲ್ಲ, ಅದನ್ನು ಆಟಗಾರನ ಕಣ್ಣಿಗಷ್ಟೇ ಕಾಣುವ ಜಾಗಕ್ಕೆ ಸರಿಸಿದೆ.

ಎರಡನೆಯದು ಮುದ್ರೆಗಳು. ಪ್ರತಿ ಹಂತದಲ್ಲಿ ದಾಟುವುದರ ಜೊತೆಗೆ ಬೇರೆ ಸವಾಲುಗಳಿರುತ್ತವೆ. ಪೆಟ್ಟಿಗೆ ಎತ್ತಿಕೊಳ್ಳಬೇಕು, ಇಷ್ಟೇ ನಡೆಯಲ್ಲಿ ಮುಗಿಸಬೇಕು, ಕೆಲವೆಡೆ ಯಾರನ್ನೂ ಕೊಲ್ಲಬಾರದು, ಕೆಲವೆಡೆ ಎಲ್ಲರನ್ನೂ ಕೊಲ್ಲಬೇಕು. ಕೊಲ್ಲದಿದ್ದದ್ದಕ್ಕೂ ಒಂದು ಮುದ್ರೆ, ಎಲ್ಲರನ್ನೂ ಕೊಂದದ್ದಕ್ಕೂ ಒಂದು ಮುದ್ರೆ. ಎರಡರ ಬೆಲೆಯೂ ಸಮ. ಇದನ್ನು ಮತ್ತೆ ಮತ್ತೆ ಆಡಿಸುವ ಜಾಣ ಉಪಾಯ ಎಂದು ವಿಮರ್ಶೆ ಲೆಕ್ಕಕ್ಕೆ ತೆಗೆದುಕೊಂಡಿತು. ನನಗೆ ಇದು ಆಟದ ಅತಿ ಪ್ರಾಮಾಣಿಕ ಮಾತು ಎನಿಸುತ್ತದೆ. ಕೂಲಿ ಹಂತಕನಿಗೆ ದಯೆ ಮತ್ತು ಕೊಲೆ ಎರಡೂ ಒಪ್ಪಂದದ ಷರತ್ತುಗಳು. ಆ ಮನಸ್ಸನ್ನು ಯಾವ ಸಂಭಾಷಣೆಯೂ ಇಲ್ಲದೆ, ನಿಯಮದಲ್ಲೇ ಆಟ ಹೇಳಿಬಿಡುತ್ತದೆ. ಅಂದರೆ ಇಲ್ಲಿ ನಿಯಮವೇ ವಸ್ತುವನ್ನು ಹೊತ್ತಿದೆ. ಸುಲಿದದ್ದು ಸಿಪ್ಪೆ ಎಂಬ ನಂಬಿಕೆ ಇಲ್ಲಿಗೆ ನಿಲ್ಲುವುದಿಲ್ಲ.

ಇದಕ್ಕೆ ಒಂದು ಪ್ರತಿವಾದ ಬರಬಹುದು. ಚದುರಂಗದಲ್ಲಿ ಕಾಲಾಳು ಸತ್ತರೆ ಯಾರೂ ಅಳುವುದಿಲ್ಲ, ಇಲ್ಲೇಕೆ ಇಷ್ಟು ಗಂಭೀರ ಎಂದು. ಒಪ್ಪುವ ಮಾತು. ನಾನೂ ಅಳಲಿಲ್ಲ, ಖುಷಿಯಿಂದಲೇ ಆಡಿದೆ. ಆದರೆ ಚದುರಂಗದ ಎದುರು ಇನ್ನೊಬ್ಬ ಮನುಷ್ಯ ಕೂತಿರುತ್ತಾನೆ. ನಿಮ್ಮ ಪ್ರತಿ ನಡೆ ಅವನ ಮುಖದಲ್ಲಿ ಕಾಣುತ್ತದೆ. ಅಬ್ಬಗ ದಾರಗರ ಕಥೆ ಹೇಳುವುದೂ ಅದನ್ನೇ. ಅವರ ಮಣೆಯಲ್ಲಿ ಇದ್ದದ್ದು ಬರಿಯ ಬೀಜಗಳು, ಅಪಾಯವಿದ್ದದ್ದು ಮಣೆಯ ಆಚೆ ಈಚೆ ಕೂತವರ ನಡುವೆ. ಅದಕ್ಕೇ ಹಿರಿಯರು ಆಟದ ನಿಯಮವನ್ನು ತಿದ್ದಲು ಹೋಗಲಿಲ್ಲ, ಯಾರು ಯಾರ ಎದುರು ಕೂರಬಾರದು ಎಂದು ಹೇಳಿದರು. ‘ಹಿಟ್‌ಮ್ಯಾನ್ ಗೋ’ದಲ್ಲಿ ಇದು ತಿರುಗುಮುರುಗು. ಸಾವು ಮಣೆಯ ಮೇಲಿದೆ, ಎದುರು ಯಾರೂ ಇಲ್ಲ. ಸೋತರೆ ಮುನಿಯುವವರಿಲ್ಲ, ಗೆದ್ದರೆ ನಾಚಬೇಕಾದ ಮುಖವಿಲ್ಲ. ಅದರ ಅಚ್ಚುಕಟ್ಟುತನ ನಮಗೆ ನೆಮ್ಮದಿ ಕೊಡುವುದು ಬಹುಶಃ ಈ ಕಾರಣಕ್ಕೆ. ರಕ್ತವಿಲ್ಲದ್ದು ಅದರ ಒಂದು ಭಾಗ ಮಾತ್ರ.

ಆಟವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಇಷ್ಟೆಲ್ಲ ಯೋಚಿಸಲು ಎಡೆ ಮಾಡಿದ್ದೇ ಅದರ ಮಿತಭಾಷೆ. ‘ಅಬ್ಸೊಲ್ಯೂಷನ್’ನ ಟ್ರೈಲರ್ ಎಲ್ಲವನ್ನೂ ಕಣ್ಣಿಗೆ ರಾಚುವಂತೆ ತೋರಿಸಿತು, ನೋಡುವವರಿಗೆ ಕೂಡಿಸಿಕೊಳ್ಳಲು ಏನೂ ಉಳಿಯಲಿಲ್ಲ. ‘ಗೋ’ ಹೇಳದೆ ಬಿಟ್ಟಿತು. ಧ್ವನಿಯ ಬಗ್ಗೆ ಓದಿದವರಿಗೆ ಈ ವ್ಯತ್ಯಾಸ ವಿವರಿಸಬೇಕಾಗಿಲ್ಲ. ನನ್ನ ದೂರು ವಿಮರ್ಶೆಯ ಮೇಲೆ: ಹೇಳದೆ ಬಿಟ್ಟದ್ದನ್ನು ಕೇಳಿಸಿಕೊಳ್ಳುವ ಬದಲು ಅದು ಹೇಳದಿರುವುದನ್ನೇ ಹೊಗಳಿ ಅಂಕ ಕೊಟ್ಟು ಮುಗಿಸಿತು.

ಇನ್ನು ಈ ಆಟಗಳನ್ನು ಮತ್ತೆ ಓದಲು ಎಷ್ಟು ಕಾಲ ಸಿಗುತ್ತದೆ ಎಂಬುದೂ ಪ್ರಶ್ನೆ. 2022ರಲ್ಲಿ ಆ ಸ್ಟುಡಿಯೋ ಕೈಬದಲಾಯಿತು, ‘ಓನೋಮಾ’ ಎಂದು ಹೆಸರು ಬದಲಿಸಿತು, ಕೆಲವೇ ವಾರಗಳಲ್ಲಿ ಮುಚ್ಚಿತು. 2023ರ ಜನವರಿ 4ರಿಂದ ‘ಡ್ಯೂಸ್ ಎಕ್ಸ್ ಗೋ’ವನ್ನು ದುಡ್ಡು ಕೊಟ್ಟು ಕೊಂಡವರೂ ಆಡುವಂತಿಲ್ಲ ಎಂದಾಯಿತು. ಅದರ ಬಗ್ಗೆ ಬರೆದ ವಿಮರ್ಶೆಗಳು ಉಳಿದಿವೆ, ಆಟ ಇಲ್ಲ. ನಾಳೆ ಯಾರಾದರೂ ಆ ಆಟವನ್ನು ತಿಳಿಯಬೇಕಾದರೆ ಈ ಬರಹಗಳೇ ಗತಿ. ಹಾಡುವವರು ಇಲ್ಲವಾದ ಪಾಡ್ದನಕ್ಕೆ ದಾಖಲಿಸಿದವರ ಟಿಪ್ಪಣಿಯೇ ಆಧಾರವಾಗುವ ಹಾಗೆ. ಆ ದೃಷ್ಟಿಯಿಂದ ನೋಡಿದರೆ ಗ್ರಾಫಿಕ್ಸ್ ಹೇಗಿದೆ, ಎಷ್ಟು ಗಂಟೆ ಆಡಬಹುದು ಎಂದು ಬರೆದರೆ ಸಾಲದು. ಯಾರು, ಎಲ್ಲಿ, ಯಾರ ಪಕ್ಕ ಕೂತು ಆಡಿದರು, ಸೋತಾಗ ಏನಂದರು ಎಂಬುದನ್ನೂ ಬರೆದಿಡಬೇಕು.

ನನ್ನ ಪಾಲಿನದ್ದನ್ನು ಬರೆದು ಮುಗಿಸುತ್ತೇನೆ. ಆ ಮಧ್ಯಾಹ್ನ ತಂಗಿ ಒಂದು ಹಂತದಲ್ಲಿ ಐದಾರು ಬಾರಿ ಸೋತಳು. ನಾನು ಫೋನ್ ಕಸಿದು ಒಂದೇ ಸಲಕ್ಕೆ ದಾಟಿಸಿದೆ. ಅವಳು ಮಾತಾಡದೆ ಎದ್ದು ಹೋಗಿ ರಾತ್ರಿ ಊಟದವರೆಗೆ ಮುಖ ತಿರುಗಿಸಿಕೊಂಡೇ ಇದ್ದಳು. ಅಜ್ಜಿ ಬಡಿಸುತ್ತ ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.