ರಾಯಚೂರು ಸೀಮೆಯ ಬರಹಗಳೂ ಡಿಜಿಟಲ್ ಭಂಡಾರಗಳೂ: ಒಂದು ವಿಮರ್ಶೆ

ಒಂದು ಸೀಮೆಯ ಚರಿತ್ರೆಗೂ ಸಾಹಿತ್ಯಕ್ಕೂ ಆಧಾರವಾಗತಕ್ಕ ಬರಹಗಳು ಎರಡು ಬಗೆಯಲ್ಲಿ ನಷ್ಟವಾಗುತ್ತವೆ. ಗೆದ್ದಲು, ನೀರು, ಬೆಂಕಿ, ಅಲಕ್ಷ್ಯ ಇವುಗಳಿಂದ ಬರಹವೇ ಹಾಳಾಗುವುದು ಒಂದು ಬಗೆ. ಬರಹವು ಉಳಿದಿದ್ದರೂ ಅದು ಯಾವ ಊರಿನದು, ಯಾರ ಕೈಯದು, ಯಾವ ಕಾಲದ್ದು ಎಂಬ ತಿಳಿವು ಅಳಿದುಹೋಗುವುದು ಇನ್ನೊಂದು ಬಗೆ. ಈಚಿನ ಎರಡು ಮೂರು ದಶಕಗಳಲ್ಲಿ ಬೆಳೆದು ಬಂದಿರುವ ಡಿಜಿಟಲ್ ಭಂಡಾರಗಳು ಮೊದಲನೆಯ ನಷ್ಟಕ್ಕೆ ತಕ್ಕಮಟ್ಟಿನ ಪರಿಹಾರವನ್ನು ಒದಗಿಸಿವೆ ಎಂಬುದರಲ್ಲಿ ಸಂಶಯವಿಲ್ಲ. ಎರಡನೆಯ ನಷ್ಟವನ್ನು ಅವು ತಡೆದಿವೆಯೇ, ಅಥವಾ ಕೆಲವೆಡೆ ಹೆಚ್ಚಿಸಿಯೇ ಇವೆಯೇ ಎಂಬುದನ್ನು ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಉದಾಹರಣೆಗಳಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಾಡು ಒಂದೇ ಭಾಷೆಯಲ್ಲಿ, ಒಂದೇ ಲಿಪಿಯಲ್ಲಿ ತನ್ನ ಕಥೆಯನ್ನು ಬರೆದಿಟ್ಟಿಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ ಸೇರಿರುವ ನೀಳವಾದ ಹಾಸುಗಲ್ಲಿನ ಮೇಲೆ ೧೨೯೪ರ ತೆಲುಗು ಶಾಸನವಿದೆ. ಅದೇ ಕೋಟೆಯಲ್ಲಿ ಪಾರಸಿ ಬರಹಗಳಿವೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳಲ್ಲಿ ಕನ್ನಡ ಶಾಸನಗಳಿವೆ. ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾರಣ ಕಚೇರಿಯ ಕಡತಗಳು ಉರ್ದುವಿನಲ್ಲಿವೆ. ೧೯೫೬ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು; ಹಳೆಯ ಸಂಸ್ಥಾನದ ಕೇಂದ್ರ ದಫ್ತರಗಳು ಹೈದರಾಬಾದಿನಲ್ಲಿಯೇ ಉಳಿದುವು. ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ವು ಮೈಸೂರು ಮತ್ತು ಕೊಡಗಿನ ಶಾಸನಗಳಿಗೆ ಮೀಸಲಾಗಿದ್ದುದರಿಂದ ಈ ಸೀಮೆ ಅದರ ಹೊರಗೆ ನಿಂತಿತು. ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಕುರಿತು ಪಿ. ಬಿ. ದೇಸಾಯಿಯವರ ಸಂಪುಟವು ಬೆಳಕು ಕಂಡುದು ೧೯೫೮ರಲ್ಲಿ. ಹೀಗೆ ನಾಲ್ಕು ಭಾಷೆಗಳಲ್ಲಿ ಬರೆದು, ಮೂರು ಆಡಳಿತಗಳಲ್ಲಿ ಹಂಚಿಹೋದ ಸಾಮಗ್ರಿಯು ಯಾವ ಭಂಡಾರಕ್ಕಾದರೂ ಒಂದು ಪರೀಕ್ಷೆಯೇ ಸರಿ.

ದಾಖಲೆಯನ್ನು ಕಾಪಾಡುವುದೆಂದರೇನು ಎಂಬುದಕ್ಕೆ ಒಂದು ಅಳತೆಗೋಲು ಈ ಸೀಮೆಯಲ್ಲಿಯೇ ದೊರೆಯುತ್ತದೆ. ೧೯೧೫ರಲ್ಲಿ ಗಣಿ ಎಂಜಿನಿಯರರಾಗಿದ್ದ ಬೀಡನ್ ಎಂಬವರು ಚಿನ್ನದ ನೆಲೆಗಳನ್ನು ಅರಸುತ್ತ ಮಸ್ಕಿಗೆ ಬಂದಾಗ ಬಂಡೆಯ ಮೇಲಿನ ಬರಹವನ್ನು ಕಂಡರು. ಅದು ಅಶೋಕನ ಶಾಸನವೆಂದು ಗೊತ್ತಾಯಿತು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದುವು. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇದ್ದಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಪುಸ್ತಕವಾಗಿ ಅದನ್ನು ಪ್ರಕಟಿಸಿದರು. ಶಾಸನದ ಪ್ರತಿರೂಪ, ಅದರ ಓದು, ಅದು ದೊರೆತ ಸ್ಥಳದ ವಿವರ ಈ ಮೂರೂ ಒಟ್ಟಿಗೆ ಓದುಗರ ಕೈಸೇರಿದುವು. ಪ್ರತಿರೂಪವಿಲ್ಲದಿದ್ದರೆ ಓದನ್ನು ಪರೀಕ್ಷಿಸಲಾಗದು. ಓದಿಲ್ಲದಿದ್ದರೆ ಪ್ರತಿರೂಪವು ಲಿಪಿ ಬಲ್ಲ ಕೆಲವರ ಸೊತ್ತಾಗಿ ಉಳಿಯುವುದು. ಸ್ಥಳವಿಲ್ಲದಿದ್ದರೆ ಇವೆರಡೂ ಗಾಳಿಯಲ್ಲಿ ತೇಲುವುವು. ಈ ಮೂರು ಅಂಗಗಳಿಂದಲೇ ಡಿಜಿಟಲ್ ಭಂಡಾರವನ್ನೂ ಅಳೆಯಬೇಕು.

ಮೊದಲು ಸ್ಥಳದ ವಿಚಾರ. ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ಈ ಶತಮಾನದ ಆರಂಭದಲ್ಲಿ ತೊಡಗಿದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯ’ದಿಂದ ಸಾವಿರಾರು ಹಳೆಯ ಕನ್ನಡ ಗ್ರಂಥಗಳ ಪುಟಚಿತ್ರಗಳು ಲೋಕಕ್ಕೆ ದೊರೆತುವು. ಅದರ ಮೂಲ ತಾಣವು ನಿಂತುಹೋದ ಮೇಲೂ ‘ಇಂಟರ್ನೆಟ್ ಆರ್ಕೈವ್’ನಲ್ಲಿ ಪ್ರತಿಗಳಿದ್ದುದರಿಂದ ಗ್ರಂಥಗಳು ಉಳಿದುವು. ಒಂದೇ ಮನೆಯಲ್ಲಿಟ್ಟದ್ದು ಉಳಿಯದು ಎಂಬ ಹಳೆಯ ಪಾಠವನ್ನು ಇದು ಮತ್ತೆ ಕಲಿಸಿತು. ಆದರೆ ಅಲ್ಲಿನ ಗ್ರಂಥನಾಮಗಳನ್ನು ರೋಮನ್ ಅಕ್ಷರಗಳಲ್ಲಿ, ಹ್ರಸ್ವ ದೀರ್ಘಗಳ ಭೇದವಿಲ್ಲದೆ, ಹಲವೆಡೆ ತಪ್ಪಾಗಿ ಬರೆದಿರುವುದರಿಂದ, ಪುಸ್ತಕವಿದೆಯೆಂದು ಮೊದಲೇ ಬಲ್ಲವನಿಗಲ್ಲದೆ ಇತರರಿಗೆ ಅದು ಸಿಕ್ಕುವುದು ದುರ್ಲಭ. ಊರಿನ ಹೆಸರುಗಳ ಗತಿ ಇನ್ನೂ ಕಷ್ಟ. ಹಳೆಯ ಇಂಗ್ಲಿಷ್ ಗ್ರಂಥಗಳ ‘ದೇವದ್ರುಗ್’ ಇಂದಿನ ದೇವದುರ್ಗವೆಂದು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿಲ್ಲ; ಮಾನ್ವಿ ಎಂದು ಹುಡುಕಿದವನಿಗೆ ‘ಮಾನವಿ’ ಎಂದು ಬರೆದಿರುವುದು ಕಾಣದು. ೧೯೯೭ರಲ್ಲಿ ಕೊಪ್ಪಳವು ಬೇರೆ ಜಿಲ್ಲೆಯಾಯಿತು. ಮೊದಲಿನ ‘ರಾಯಚೂರು ಜಿಲ್ಲೆ’ಯ ವರದಿಗಳಲ್ಲಿ ಕೊಪ್ಪಳ, ಗಂಗಾವತಿಗಳೂ ಅಡಕವಾಗಿವೆ. ಲಿಂಗಸುಗೂರಿಗೆ ಸೇರಿದ್ದ ಮಸ್ಕಿ ಇಂದು ತಾನೇ ತಾಲ್ಲೂಕು. ಮಾನ್ವಿಯ ಹಲವು ಗ್ರಾಮಗಳು ಇಂದು ಸಿರವಾರ ತಾಲ್ಲೂಕಿನವು. ಹಳೆಯ ಹೆಸರು, ಹೊಸ ಹೆಸರು, ಅಂದಿನ ತಾಲ್ಲೂಕು, ಇಂದಿನ ತಾಲ್ಲೂಕು ಇವನ್ನು ಹೊಂದಿಸಿ ಹೇಳುವ ಒಂದು ಪಟ್ಟಿಯಿಲ್ಲದೆ ಎಷ್ಟು ಲಕ್ಷ ಪುಟಗಳನ್ನು ಕೂಡಿಸಿದರೂ ಅದು ರಾಶಿಯಾಗುವುದೇ ಹೊರತು ಭಂಡಾರವಾಗದು.

ಸಾಹಿತ್ಯದ ಅಧ್ಯಾಪಕರಿಗೆ ಈ ಪ್ರಶ್ನೆಯು ಹೆಚ್ಚು ಹತ್ತಿರವಾಗುವುದು ಹರಿದಾಸ ಸಾಹಿತ್ಯದಲ್ಲಿ. ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ವನ್ನು ರಚಿಸಿದ ಮಾನ್ವಿಯ ಜಗನ್ನಾಥದಾಸರು, ಇವರೆಲ್ಲರೂ ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆಯನ್ನು ದಾಸಪಂಥದ ಎರಡನೆಯ ತವರನ್ನಾಗಿ ಮಾಡಿದರು. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳನ್ನು ಭಕ್ತಿಯ ಮುದ್ರೆಯೆಂದಷ್ಟೇ ತಿಳಿಯುವುದು ವಾಡಿಕೆ. ಆದರೆ ಅಂಕಿತವು ದಾಖಲೆಯ ಲಕ್ಷಣವೂ ಹೌದು. ಓಲೆ ನಾಶವಾದರೂ, ಹಾಡು ಬಾಯಿಂದ ಬಾಯಿಗೆ ಸಾಗಿ ಊರು ದಾಟಿದರೂ, ಕರ್ತೃವಿನ ಗುರುತು ಹಾಡಿನ ಒಡಲಲ್ಲಿಯೇ ಇರಲೆಂಬ ಏರ್ಪಾಡು ಅದು. ಭಂಡಾರಿಗಳು ಇಂದು ಹೊರಗಿನಿಂದ ಅಂಟಿಸಬೇಕಾದ ಚೀಟಿಯನ್ನು ದಾಸರು ಕೃತಿಯ ಒಳಗೇ ಹೆಣೆದಿದ್ದರು.

ಅಂಕಿತವೊಂದೇ ಸಾಲದೆಂಬುದೂ ನಿಜ. ಒಬ್ಬರ ಹಾಡಿಗೆ ಇನ್ನೊಬ್ಬರ ಅಂಕಿತ ಸೇರುವುದುಂಟು. ನುಡಿಗಳು ಕೂಡುವುದುಂಟು, ಕಳೆಯುವುದುಂಟು. ಇದನ್ನು ನಿರ್ಣಯಿಸಲು ಹಸ್ತಪ್ರತಿಯ ಊರು, ಮನೆತನ, ಲಿಪಿಕಾರ, ಕಾಲ ಇವು ಬೇಕು. ಲಿಂಗಸುಗೂರಿನಲ್ಲಿ ಗೊರಬಾಳ ಹನುಮಂತರಾಯರು ಮನೆಮನೆಯ ಹಸ್ತಪ್ರತಿಗಳನ್ನು ಅರಸಿ ದಾಸರ ಕೃತಿಗಳನ್ನು ಅಚ್ಚು ಹಾಕಿಸಿದುದು ಈ ಸೀಮೆಯ ಭಾಗ್ಯ. ಇಂದು ಅಂತರಜಾಲದಲ್ಲಿ ದಾಸರ ಪದಗಳು ಹೇರಳವಾಗಿ ದೊರೆಯುತ್ತವೆ. ಆದರೆ ಬಹುಪಾಲು ಪದಗಳಿಗೆ ಯಾವ ಮುದ್ರಣದಿಂದ, ಯಾವ ಪ್ರತಿಯಿಂದ ಬಂದುವೆಂಬ ಒಂದು ಸಾಲೂ ಇಲ್ಲ. ಒಂದು ತಾಣದ ತಪ್ಪು ಹತ್ತು ತಾಣಗಳಿಗೆ ಹರಡಿ, ಹತ್ತು ಸಾಕ್ಷಿಗಳಂತೆ ತೋರುತ್ತದೆ. ಪಾಠವಿಮರ್ಶೆಯಲ್ಲಿ ಹತ್ತು ಪ್ರತಿಗಳು ಒಂದೇ ಮಾತೃಕೆಯಿಂದ ಹುಟ್ಟಿದ್ದರೆ ಅವು ಒಂದೇ ಸಾಕ್ಷಿಯೆಂದು ಎಣಿಸಬೇಕೆಂಬ ನಿಯಮವು ಎಲ್ಲರಿಗೂ ತಿಳಿದುದೇ. ಯಂತ್ರದ ಹೇರಳತೆಯಲ್ಲಿ ಆ ನಿಯಮವನ್ನು ಮರೆಯುವ ಅಪಾಯವಿದೆ.

ವೈಜ್ಞಾನಿಕ ವರದಿಗಳ ಸ್ಥಿತಿ ಬೇರೆ ಬಗೆಯದು. ಅಲ್ಲಿ ಕರ್ತೃ, ವರ್ಷ, ಸಂಸ್ಥೆಗಳ ವಿವರವು ಸ್ಪಷ್ಟವಾಗಿದೆ. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಪ್ರಬಂಧಗಳು ‘ಕೃಷಿಕೋಶ’ವೆಂಬ ರಾಷ್ಟ್ರೀಯ ಭಂಡಾರದಲ್ಲಿ ಸೇರಿವೆ, ಇತರ ವಿಶ್ವವಿದ್ಯಾಲಯಗಳ ಪ್ರಬಂಧಗಳು ‘ಶೋಧಗಂಗಾ’ದಲ್ಲಿವೆ. ಕೊರತೆಯಿರುವುದು ಓದಿನಲ್ಲಿ. ಈ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಲವೆಡೆ ಮಿತಿಮೀರಿರುವುದನ್ನೂ, ಚಿನ್ನದ ಶಿಲಾಪಟ್ಟಿಯ ಆಸುಪಾಸಿನಲ್ಲಿ ಆರ್ಸೆನಿಕ್ ಇರುವುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ ೧.೫ ಮಿಲಿಗ್ರಾಮಿಗೆ ಮೀರಿ ಫ್ಲೋರೈಡ್ ಇರಕೂಡದೆಂಬುದು ಭಾರತೀಯ ಮಾನಕ. ಯಾವ ಊರಿನ ಯಾವ ಕೊಳವೆಬಾವಿಯಲ್ಲಿ ಎಷ್ಟು ಎಂಬುದು ಇಂಥ ವರದಿಗಳ ಕೋಷ್ಟಕಗಳಲ್ಲಿರುತ್ತದೆ; ಶೀರ್ಷಿಕೆಯಲ್ಲಿ ಮಾತ್ರ ಜಿಲ್ಲೆಯ ಹೆಸರಷ್ಟೇ. ನೀರಿನ ಮಾದರಿಯನ್ನು ತುಂಬಿಕೊಟ್ಟ ಊರಿನವರು ತಮ್ಮ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಹುಡುಕಿದರೆ ಆ ಕೋಷ್ಟಕವು ಅವರಿಗೆ ಸಿಕ್ಕದು. ವರದಿಯು ಸುರಕ್ಷಿತವಾಗಿದೆ, ಯಾರ ಹಲ್ಲು ಮೂಳೆಗಳ ವಿಚಾರವೋ ಅವರಿಗೆ ಮಾತ್ರ ಅದು ಇಲ್ಲದಂತೆಯೇ.

ಸ್ಥಳೀಯ ಪತ್ರಿಕೆಗಳ ಕಡೆಗೆ ನೋಡಿದರೆ ಪ್ರತಿರೂಪಕ್ಕೇ ಕೊರತೆ. ಕರಾವಳಿಯಲ್ಲಿ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿದ ಕನ್ನಡ, ತುಳು ಗ್ರಂಥಗಳು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಓದಲು ದೊರೆಯುತ್ತವೆ. ರಾಯಚೂರಿನಿಂದ ಹೊರಡುವ ‘ಸುದ್ದಿಮೂಲ’ದಂಥ ದಿನಪತ್ರಿಕೆಗಳಿಗೆ ಹೊರಗಿನ ಅಂಥ ಆಶ್ರಯವಿಲ್ಲ. ಇವುಗಳ ಬೆಲೆ ಏನೆಂಬುದು ತುಂಗಭದ್ರಾ ಎಡದಂಡೆ ಕಾಲುವೆಯಿಂದ ತಿಳಿಯುತ್ತದೆ. ೧೯೫೩ರಲ್ಲಿ ನೀರು ಹರಿಯತೊಡಗಿದ ಆ ಕಾಲುವೆಯ ಕೊನೆಯಂಚಿನಲ್ಲಿರುವವು ಮಾನ್ವಿ, ರಾಯಚೂರು ಕಡೆಯ ಹೊಲಗಳು. ಮೇಲ್ಭಾಗದಲ್ಲಿ ನೀರು ಹೆಚ್ಚು ಬಳಕೆಯಾಗಿ ಕೊನೆಯಂಚಿಗೆ ತಲುಪದಿರುವುದು ದಶಕಗಳ ದೂರು. ೨೦೨೪ರ ಆಗಸ್ಟಿನಲ್ಲಿ ಅಣೆಕಟ್ಟೆಯ ೧೯ನೆಯ ಗೇಟು ಕೊಚ್ಚಿಹೋದ ಸುದ್ದಿಯನ್ನು ದೇಶದ ಪತ್ರಿಕೆಗಳೆಲ್ಲವೂ ಬರೆದುವು. ಯಾವ ಉಪಕಾಲುವೆಗೆ ಎಷ್ಟನೆಯ ದಿನ ನೀರು ಮುಟ್ಟಿತು, ಯಾವ ಊರಿನವರು ಧರಣಿ ಕುಳಿತರು ಎಂಬುದನ್ನು ಬರೆಯುವವು ಜಿಲ್ಲೆಯ ಪತ್ರಿಕೆಗಳು ಮಾತ್ರ. ನಾಳೆ ನೀರಿನ ಪಾಲಿನ ವ್ಯಾಜ್ಯದಲ್ಲಿ ರೈತನ ಕಡೆಯ ಸಾಕ್ಷಿ ಬಹುಶಃ ಅಷ್ಟೇ. ದೈನಿಕವು ತನ್ನ ತಾಣದಲ್ಲಿ ತೋರಿಸುವ ಪುಟಚಿತ್ರವು ಅಂದಿನ ಓದುಗನ ಅನುಕೂಲಕ್ಕಾದುದು. ತಾಣದ ಬಾಡಿಗೆ ನಿಂತರೆ ಅದೂ ನಿಲ್ಲುವುದು.

ಆಡಳಿತದ ಕಡತಗಳಲ್ಲಿ ಕರ್ನಾಟಕವು ಹೆಸರು ಪಡೆದ ರಾಜ್ಯ. ‘ಭೂಮಿ’ ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಆದರೆ ಅಲ್ಲಿ ಏರಿದುದು ಅಂದಿಗೆ ಚಾಲ್ತಿಯಲ್ಲಿದ್ದ ನಮೂದು. ಅದರ ಹಿಂದಿನ ಚರಿತ್ರೆಯಲ್ಲ. ೨೦೨೪ರಲ್ಲಿ ತೊಡಗಿದ ‘ಭೂಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಡುವ ಕಾರ್ಯ ನಡೆದಿರುವುದು ಶ್ಲಾಘ್ಯವಾದುದು. ಈ ಸೀಮೆಗೆ ಅದರಲ್ಲೊಂದು ವಿಶೇಷ ತೊಡಕಿದೆ. ನಿಜಾಮರ ಕಾಲದ ಕಡತದ ಉರ್ದು ಕೈಬರಹವನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಕಾಗದದ ಆಯುಷ್ಯವನ್ನು ಯಂತ್ರವು ಹೆಚ್ಚಿಸಬಲ್ಲದು, ಓದುಗನ ಆಯುಷ್ಯವನ್ನಲ್ಲ. ಆದಕಾರಣ ಪ್ರತಿರೂಪ ತೆಗೆಯುವುದಕ್ಕಿಂತಲೂ ಓದಿಸಿಡುವುದು ಇಲ್ಲಿ ಹೆಚ್ಚು ಅವಸರದ ಕಾರ್ಯ.

ಇದಕ್ಕೆ ಒಂದು ಆಕ್ಷೇಪವುಂಟು. ಮೊದಲು ಉಳಿಸಿಕೊಳ್ಳೋಣ, ವಿವರಣೆಯನ್ನು ಮುಂದಿನವರು ಬರೆದುಕೊಳ್ಳಲಿ. ಪ್ರತಿಯೊಂದಕ್ಕೂ ಚೀಟಿ ಬರೆಯುತ್ತ ಕುಳಿತರೆ ಅಷ್ಟರಲ್ಲಿ ಗೆದ್ದಲು ತನ್ನ ಕೆಲಸವನ್ನು ಮುಗಿಸುವುದು ಎಂದು ಹೇಳುವವರಿದ್ದಾರೆ. ೨೦೦೯ರ ನೆರೆಯಲ್ಲಿ ಈ ಜಿಲ್ಲೆಯ ನದೀತೀರದ ಊರುಗಳು ಮುಳುಗಿದುದನ್ನು ನೆನೆದರೆ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಗ್ರಂಥದ ಒಳವಿಷಯದ ಸೂಚಿಯನ್ನು ಮುಂದಿನವರು ಮಾಡಬಹುದು, ನಿಜ. ಆದರೆ ಈ ಕಟ್ಟು ಯಾವ ಮನೆಯಿಂದ ಬಂತು, ಯಾವ ಊರಿನ ಗುಡಿಯಲ್ಲಿತ್ತು ಎಂಬುದನ್ನು ಕೊಟ್ಟವರ ಬಾಯಿಂದ ಕೇಳಿ ಬರೆಯಲು ಕ್ಷಣಕಾಲ ಸಾಕು. ಆ ಕ್ಷಣ ತಪ್ಪಿದರೆ ಮುಂದೆ ಎಷ್ಟು ಪಾಂಡಿತ್ಯದಿಂದಲೂ ಅದು ದೊರೆಯದು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಲ್ಲಿ ಆರಂಭಿಸಿದ ಶಾಸನಗಳ ಮೂರು ಆಯಾಮದ ಪ್ರತಿರೂಪದ ಕಾರ್ಯದಲ್ಲಿ ಕಲ್ಲಿನ ರೂಪ, ಅದಿರುವ ನೆಲೆ, ಅಕ್ಷರಗಳ ಓದು ಇವಕ್ಕೆ ಸಮನಾದ ಗಮನವಿದೆ. ಬೆಂಗಳೂರಿಗೆ ಸಾಧ್ಯವಾದುದು ಗಬ್ಬೂರಿಗೆ ಸಾಧ್ಯವಾಗದೆಂದು ಹೇಳಲು ಕಾರಣವಿಲ್ಲ.

ಮನೆತನಗಳ ಮತ್ತು ಸಮುದಾಯಗಳ ಬರಹಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಸಾಲದ ಪತ್ರ, ಪಂಚಾಯಿತಿಯ ತೀರ್ಮಾನ, ಕುಲದ ಕರಾರು ಇವುಗಳಲ್ಲಿ ಬದುಕಿರುವವರ ಮಾನಕ್ಕೆ ತಗಲುವ ಸಂಗತಿಗಳಿರಬಹುದು. ಅಂಥವನ್ನು ಕೊಟ್ಟವರ ಸಮ್ಮತಿಯಂತೆ ಇಂತಿಷ್ಟು ವರ್ಷ ಮುಚ್ಚಿಡುವುದು ಭಂಡಾರಕ್ಕೆ ಕುಂದಲ್ಲ, ಅದರ ಮೇಲಿನ ನಂಬಿಕೆಗೆ ಆಧಾರ.

ಮಾಡಬೇಕಾದ ಕಾರ್ಯವು ದೊಡ್ಡ ಹಣವನ್ನು ಬೇಡುವುದಲ್ಲ. ರಾಯಚೂರು, ದೇವದುರ್ಗ, ಮಾನ್ವಿಯ ಕಾಲೇಜುಗಳ ಕನ್ನಡ ಅಧ್ಯಾಪಕರು ಉರ್ದು ಬಲ್ಲ ಹಿರಿಯರನ್ನು ಜೊತೆಗೂಡಿಸಿಕೊಂಡು ಮೊದಲು ಊರ ಹೆಸರುಗಳ ಪಟ್ಟಿಯೊಂದನ್ನು ಸಿದ್ಧಪಡಿಸಲಿ. ಪ್ರತಿಯೊಂದು ಪ್ರತಿರೂಪದೊಡನೆ ಊರು, ಒಡೆಯರು, ಕಾಲ, ಭಾಷೆ ಮತ್ತು ಲಿಪಿ ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆಯಲಿ. ಪ್ರತಿಗಳು ಮೂರು ಬೇರೆಬೇರೆ ಕಡೆ ಇರಲಿ. ಅವುಗಳಲ್ಲೊಂದು ಬರಹವು ಹುಟ್ಟಿದ ತಾಲ್ಲೂಕಿನಲ್ಲಿಯೇ ಇರಲಿ. ಮುಂದೆ ಮಾನ್ವಿಯ ವಿದ್ಯಾರ್ಥಿಯೊಬ್ಬನು ಮಾನ್ವಿಯೆಂದು ಬರೆದು ಹುಡುಕಿದಾಗ ಜಗನ್ನಾಥದಾಸರ ಹಸ್ತಪ್ರತಿ, ತನ್ನೂರ ಬಾವಿಯ ನೀರಿನ ವರದಿ, ಕಾಲುವೆಯ ಸುದ್ದಿ, ಮುತ್ತಜ್ಜನ ಕಾಲದ ಉರ್ದು ಕಡತದ ಕನ್ನಡ ಓದು ಇವು ಒಂದೇ ಕಡೆ ಕಾಣುವಂತಾದರೆ ಆಗ ಅದನ್ನು ಭಂಡಾರವೆಂದು ಕರೆಯಬಹುದು.