ತೆನೆಯ ಕಾಣಿಕೆ, ಲಿಲಾವಿನ ಕೂಗು

ಸಂಗೊಳ್ಳಿ ರಾಯಣ್ಣನನ್ನು ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಅವನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತವರು ತೊಟ್ಟಿಲು ಕಟ್ಟುತ್ತಾರೆ. ಊರಿನ ಕ್ರೈಸ್ತರೂ ಹರಕೆಗೆ ಹೊರತಲ್ಲ. ಶಿಲುಬೆಯ ಮುಂದೆ ಮೇಣದಬತ್ತಿ ಹಚ್ಚುವ ಎಷ್ಟೋ ಮಂದಿಯ ಮನಸ್ಸಿನಲ್ಲಿ ಒಂದು ಬೇಡಿಕೆ ಇರುತ್ತದೆ. ಕಷ್ಟದಲ್ಲಿರುವವರ ಬೇಡಿಕೆಯನ್ನು ನಾನು ಹಳಿಯಲಾರೆ. ಆದರೂ ಹರಕೆ ಬೇರೆ, ಕಾಣಿಕೆ ಬೇರೆ. ಹರಕೆ ಕೆಲಸವಾದ ಮೇಲೆ ತೀರಿಸುವ ಸಾಲ. ಕಾಣಿಕೆ ಈಗಾಗಲೇ ಪಡೆದದ್ದಕ್ಕೆ ಸಲ್ಲಿಸುವ ಕೃತಜ್ಞತೆ. ನಮ್ಮ ಭಾಗದ ಚರ್ಚುಗಳಲ್ಲಿ ಈ ವ್ಯತ್ಯಾಸ ಎಷ್ಟು ಉಳಿದಿದೆ?

ಈ ಸೀಮೆಗೆ ಎರಡು ಸಂಪ್ರದಾಯಗಳು ಬಂದಿವೆ. ಒಂದು, ಘಟ್ಟದಾಚೆಯ ಗೋವೆಯಿಂದ ಬಂದ ಕೊಂಕಣಿ ಕಥೋಲಿಕರದು. ಅವರಿಗೆ ಬೆಳಗಾವಿ ಧರ್ಮಪ್ರಾಂತ್ಯವಾದದ್ದು 1953ರಲ್ಲಿ. ಗೋವೆಯ ರಾಯ್ ಊರಿನಲ್ಲಿ ಆಗಸ್ಟ್ 5ಕ್ಕೆ, ತಾಳಗಾವಿನಲ್ಲಿ ಆಗಸ್ಟ್ 21ಕ್ಕೆ ಹೊಸ ತೆನೆಯ ಹಬ್ಬ. ಮಂಗಳೂರಿನ ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಪಾದ್ರಿ ಹರಸಿದ ತೆನೆಯನ್ನು ಮನೆಗೆ ತಂದು, ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಇಷ್ಟೇ: ಬಡವನ ತೆನೆಗೂ ಸಾಹುಕಾರನ ತೆನೆಗೂ ಅಲ್ಲಿ ಒಂದೇ ತೂಕ. ಮಲಪ್ರಭೆ ಹುಟ್ಟುವ, ಭತ್ತವನ್ನೇ ನಂಬಿದ ಖಾನಾಪುರ ತಾಲೂಕಿಗೆ ಇದಕ್ಕಿಂತ ಹತ್ತಿರವಾದ ಪೂಜೆ ಇನ್ನೊಂದಿಲ್ಲ.

ಇನ್ನೊಂದು ಪ್ರೊಟೆಸ್ಟಂಟರದು. ಲಂಡನ್ ಮಿಷನ್ ಬೆಳಗಾವಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಹೋಯಿತು. ಕನ್ನಡದ ಪ್ರೊಟೆಸ್ಟಂಟ್ ಸಭೆಗಳಲ್ಲಿ ಬೆಳೆಹಬ್ಬದ ಆರಾಧನೆ ಇಂದಿಗೂ ದೊಡ್ಡದು. ಜೋಳ, ಕುಂಬಳಕಾಯಿ, ಕೋಳಿ, ಮೊಟ್ಟೆ ಪೀಠದ ಮುಂದೆ ಬರುತ್ತವೆ. ಆಮೇಲೆ ಲಿಲಾವು.

ಅಂಥ ಒಂದು ಲಿಲಾವಿನಲ್ಲಿ ನಾನು ಕೂತಿದ್ದೆ. ಒಂದು ಕುಂಬಳಕಾಯಿ ಎರಡು ಸಾವಿರಕ್ಕೆ ಹೋಯಿತು. ಹಿಡಿದವರ ಹೆಸರನ್ನು ಮೈಕಿನಲ್ಲಿ ಎರಡು ಸಲ ಕೂಗಿದರು, ಚಪ್ಪಾಳೆ ಬಿತ್ತು. ಅದಕ್ಕೂ ಮುಂಚೆ, ಕಾಣಿಕೆ ಚೀಲ ಬಂದಾಗ, ನನ್ನ ಪಕ್ಕದ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಡಚಿ ಮಡಚಿ ಸಣ್ಣದಾಗಿದ್ದ ಹತ್ತರ ನೋಟನ್ನು ಮುಷ್ಟಿಯೊಳಗೇ ಇಟ್ಟು ಚೀಲದ ಒಳಗೆ ಕೈಯಿಳಿಸಿದ್ದರು. ಲಿಲಾವು ಮುಗಿಯುವ ತನಕ ಅವರು ತಲೆ ತಗ್ಗಿಸಿಕೊಂಡೇ ಕೂತಿದ್ದರು. ಎರಡು ಕಾಸು ಹಾಕಿದ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದು ಯೇಸು ಹೇಳಿದ್ದನ್ನು ಅದೇ ಪೀಠದಿಂದ ಎಷ್ಟು ಸಲ ಓದಿಲ್ಲ!

ಹಣ ಬೇಡವೆಂದಲ್ಲ. ಚಾವಣಿ ಸೋರುತ್ತದೆ, ಸಭಾಪಾಲಕರಿಗೆ ಸಂಬಳ ಕೊಡಬೇಕು. ಆದರೆ ಹಳೆಯ ಮಾದರಿಯನ್ನು ನೋಡಿ. ಸುಮಾರು ಕ್ರಿ.ಶ. 155ರಲ್ಲಿ ರೋಮಿನ ಕ್ರೈಸ್ತ ಬರಹಗಾರ ಜಸ್ಟಿನ್ ಭಾನುವಾರದ ಆರಾಧನೆಯನ್ನು ವಿವರಿಸುವಾಗ, ಉಳ್ಳವರು ತಮಗೆ ತೋಚಿದಷ್ಟು ಕೊಡುತ್ತಾರೆ, ಅದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದವರಿಗೆ ಸಲ್ಲುತ್ತದೆ ಎಂದು ಬರೆದ. ಹಣ ಹೋಗುವ ಜಾಗವೂ ಆರಾಧನೆಯದೇ ಭಾಗವಾಗಿತ್ತು. ಯಾಜಕಕಾಂಡವಂತೂ ಹೊಲದ ಅಂಚಿನ ಬೆಳೆಯನ್ನು ಕೊಯ್ಯದೆ ಬಡವರಿಗೆ ಬಿಡಿ ಎನ್ನುತ್ತದೆ. ಅಲ್ಲಿ ಕೊಟ್ಟವನ ಮುಖವನ್ನು ಪಡೆದವನು ನೋಡಬೇಕಾಗಿಲ್ಲ. ದಾನ, ದಾಸೋಹ ಒಂದೇ ಅಲ್ಲವೆಂದು ಶರಣರಿಂದ ಕಲಿತ ನಾಡು ನಮ್ಮದು. ಕೊಡುವವನ ಅಹಂಕಾರ ಕರಗದಿದ್ದರೆ ಅದು ದಾಸೋಹವಾಗದು. ಇದನ್ನು ನಮಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ದಶಮಾಂಶ ಕೊಟ್ಟರೆ ದೇವರು ಹತ್ತು ಪಟ್ಟು ಮರಳಿಸುತ್ತಾನೆ ಎನ್ನುವ ಬೋಧನೆ ಈಗ ಹಳ್ಳಿಗಳಿಗೂ ಬಂದಿದೆ. ಲಿಲಾವಿಗಿಂತ ಇದು ಕೆಟ್ಟದ್ದು. ಸಾಲದಲ್ಲಿರುವ ರೈತನ ಮುಂದೆ ಬಡ್ಡಿಯ ಆಸೆ ಇಡುವುದು ಸುವಾರ್ತೆಯಲ್ಲ.

ಸಭೆಯ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಬರುವ ಬೆಳೆಹಬ್ಬದಲ್ಲಿ ಕೊಟ್ಟವರ ಹೆಸರು ಓದಬೇಡಿ. ಹೋದ ವರ್ಷದ ಕಾಣಿಕೆಯಲ್ಲಿ ಎಷ್ಟು ರೂಪಾಯಿ ಬಡವರ ಮನೆ ಮುಟ್ಟಿತು, ಆ ಲೆಕ್ಕವನ್ನು ಮೈಕಿನಲ್ಲಿ ಓದಿ.