ರಸ್ತೆ ಬದಿಯ ಸಾಹಿತ್ಯ

ನಮ್ಮಲ್ಲಿ ಅತಿ ಹೆಚ್ಚು ಜನ ಓದುವ ಕನ್ನಡ ಯಾವುದೆಂದರೆ ಹೆದ್ದಾರಿ ಬದಿಯ ಫಲಕಗಳತ್ತ ಬೊಟ್ಟು ಮಾಡಬೇಕಾದೀತು. 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಸಾಲನ್ನೇ ನೋಡಿ. ಕಿವಿಗೆ ಹಿತ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಅವಸರ ಯಾರದು? ಮಂಗಳೂರು-ಉಡುಪಿ ನಡುವೆ ಓಡುವ ಖಾಸಗಿ ಬಸ್ಸಿನ ಚಾಲಕನ ಬೆನ್ನಿಗೆ ನಿಮಿಷ ಲೆಕ್ಕದ ಟೈಮಿಂಗ್ ಇದೆ. ಹಿಂದೆ ಬರುವ ಬಸ್ಸು ಓವರ್‌ಟೇಕ್ ಮಾಡಿ ಮುಂದಿನ ಸ್ಟಾಪಿನ ಕಲೆಕ್ಷನ್ ಬಾಚಿಕೊಂಡೀತೆಂಬ ಭಯವಿದೆ. ಫಲಕ ಆ ಗೋಜಿಗೆ ಹೋಗುವುದಿಲ್ಲ.

'ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ' ಎಂಬ ಮಾತು ಮನಸ್ಸಿಗೆ ತಟ್ಟುತ್ತದೆ, ನಿಜ. ಆದರೆ ಅದು ನೆನಪಿಸುವುದು ಸ್ಟಿಯರಿಂಗ್ ಹಿಡಿದವನ ಮನೆಯನ್ನು ಮಾತ್ರ. ಬ್ಯಾಗು ಹೊತ್ತು ರಸ್ತೆ ದಾಟುತ್ತಿರುವ ಮಗುವಿಗೂ ಒಂದು ಮನೆಯಿದೆ. ಈ ಸಾಹಿತ್ಯದಲ್ಲಿ ಎದುರಿನವನಿಗೆ ಪಾತ್ರವೇ ಇಲ್ಲ.

ಪತ್ರಿಕೆಗಳೂ ಕಡಿಮೆಯೇನಲ್ಲ. 'ಚಾಲಕನ ನಿಯಂತ್ರಣ ತಪ್ಪಿದ ಕಾರು' ಪಾದಚಾರಿಗೆ ಡಿಕ್ಕಿ ಹೊಡೆಯುತ್ತದೆ. ವಾಕ್ಯದಲ್ಲಿ ಕರ್ತೃ ಕಾರು. ಚಾಲಕ ಬರೀ ಷಷ್ಠೀ ವಿಭಕ್ತಿ!

ಕಾನೂನಿನ ಭಾಷೆ ಒಣಕಲಾದರೂ ಹೆಚ್ಚು ಮಾನವೀಯ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಕರ್ತವ್ಯ ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ. ವಿನಾಯಿತಿ ಇರುವುದು ಗುಂಪಿನ ಆಕ್ರೋಶದಂತಹ, ಅವನ ಕೈಮೀರಿದ ಕಾರಣಗಳಿಗಷ್ಟೆ. 2019ರ ತಿದ್ದುಪಡಿ ನೆರವಿಗೆ ಧಾವಿಸುವ ದಾರಿಹೋಕರಿಗೂ ರಕ್ಷಣೆ ಕೊಟ್ಟಿತು. ಅವರ ಹೆಸರು ಹೇಳುವಂತೆ ಪೊಲೀಸರೂ ಒತ್ತಾಯಿಸುವಂತಿಲ್ಲ. ಶಿರಾಡಿ ಘಾಟಿ ಇಳಿಯುವಾಗ ನಾನು ಓದಿದ ಫಲಕಗಳಲ್ಲಿ ಇವೆರಡರಲ್ಲಿ ಒಂದೂ ಇರಲಿಲ್ಲ.